ಮಹಾಶ್ವೇತೆಯ ಶಾಪ

ಗುಡಗೇರಿಯ ಸೀಮೆಯವರಿಗೆ ಶಾಪವೂ ಪುನರ್ಜನ್ಮವೂ ಪುರಾಣದಲ್ಲಿ ಮಾತ್ರ ಕೇಳಿದ ಸಂಗತಿಗಳಲ್ಲ, ಕಲ್ಲಿನ ಮೇಲೆ ಕಂಡವು. ಆ ಊರಿನ 1076-77ರ ಜೈನಶಾಸನ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಆನೆಸೆಜ್ಜೆಯ ಬಸದಿಗೆ ಸೇರಿದ ಭೂಮಿಯ ಮಾತನ್ನು ಹೇಳುತ್ತದೆ. ದಾನಶಾಸನಗಳ ಕಡೆಯಲ್ಲಿ ಒಂದು ಶಾಪವಾಕ್ಯ ಬರುವುದು ರೂಢಿ: ಕೊಟ್ಟ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುವನೆಂದು. ಕಲ್ಲಿನ ನ್ಯಾಯ ಸರಳ. ತಪ್ಪಿದವನಿಗೆ ಶಾಪ, ಶಾಪಕ್ಕೆ ತಕ್ಕ ಜನ್ಮ. ಇವೇ ಎರಡು ಸರಕುಗಳಿಂದ ಪ್ರೇಮಕಥೆಯನ್ನು ಕಟ್ಟಹೊರಟ ಕವಿಗೆ ಈ ನ್ಯಾಯ ಸಾಲುವುದಿಲ್ಲ. ಪ್ರೀತಿಸಿದವರು ಮಾಡಿದ ತಪ್ಪೇನು? ನಾಗವರ್ಮನ 'ಕರ್ನಾಟಕ ಕಾದಂಬರಿ'ಯನ್ನು ಮತ್ತೆ ಓದಿದಾಗ ನನ್ನನ್ನು ಕಾಡಿದ ಪ್ರಶ್ನೆ ಇದು.

ಕಥೆ ಬಾಣನದು. 7ನೆಯ ಶತಮಾನದಲ್ಲಿ ಹರ್ಷನ ಆಶ್ರಯದಲ್ಲಿದ್ದ ಆ ಮಹಾಕವಿ ಅದನ್ನು ನಡುವೆಯೇ ಬಿಟ್ಟು ತೀರಿಕೊಂಡ, ಮಗ ಮುಗಿಸಿದ. ಅದನ್ನು ಚಂಪುವಾಗಿ ಕನ್ನಡಿಸಿದ ನಾಗವರ್ಮ ಬಾಣನ ಕಾಡಿನಂತಹ ಗದ್ಯವನ್ನು ಸವರಿ ಹಾದಿ ಮಾಡಿದ. ತಂದೆಮಕ್ಕಳಿಬ್ಬರ ಕೃತಿ ಕನ್ನಡದಲ್ಲಿ ಒಂದೇ ಕೈಯಿಂದ ಬಂದದ್ದೂ ಓದುಗನಿಗೆ ಲಾಭವೇ. 19ನೆಯ ಶತಮಾನದಲ್ಲಿ ನಮ್ಮ ಉತ್ತರ ಕರ್ನಾಟಕದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಇದೇ ಕಥೆಯನ್ನು ಕನ್ನಡ ಗದ್ಯಕ್ಕೂ ತಂದರು. ಇಂದು ನಾವು 'ಕಾದಂಬರಿ' ಎಂದು ಕರೆಯುವ ಸಾಹಿತ್ಯಪ್ರಕಾರಕ್ಕೆ ಒಬ್ಬ ಗಂಧರ್ವಕನ್ಯೆಯ ಹೆಸರಿದೆಯೆಂಬುದು ಎಷ್ಟು ಮಂದಿಗೆ ನೆನಪಿದೆಯೋ!

ಮುನಿಕುಮಾರ ಪುಂಡರೀಕ ಮಹಾಶ್ವೇತೆಯನ್ನು ಕಂಡು ವಿರಹದಲ್ಲಿ ಬೇಯುತ್ತಾನೆ. ಬೆಳದಿಂಗಳು ಅವನನ್ನು ಸುಡುತ್ತದೆ. ಸಾಯುವಾಗ ಚಂದ್ರನನ್ನು ಶಪಿಸುತ್ತಾನೆ: ನೀನೂ ಭೂಮಿಯಲ್ಲಿ ಜನ್ಮಜನ್ಮದಲ್ಲಿ ಹುಟ್ಟಿ, ಕೂಡಲಾಗದೆ ಸಾಯಿ ಎಂದು. ಏನೂ ಮಾಡದ ಚಂದ್ರ ಕೆರಳಿ, ನನ್ನ ಪಾಡೇ ನಿನಗೂ ಆಗಲಿ ಎಂದು ಮರುಶಾಪ ಕೊಡುತ್ತಾನೆ. ಚಂದ್ರ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡನಾಗುತ್ತಾನೆ, ಪುಂಡರೀಕ ಮಂತ್ರಿಯ ಮಗ ವೈಶಂಪಾಯನನಾಗುತ್ತಾನೆ. ಇಬ್ಬರೂ ಜೀವದ ಗೆಳೆಯರು.

ಕಥೆಯ ಎದೆ ಇರುವುದು ಅಚ್ಛೋದ ಸರೋವರದ ದಡದಲ್ಲಿ. ಸತ್ತ ಪುಂಡರೀಕ ಮರಳುವನೆಂಬ ದೇವವಾಣಿಯನ್ನು ನಂಬಿ ಮಹಾಶ್ವೇತೆ ಅಲ್ಲಿ ಬಿಳಿಯುಟ್ಟು ತಪಸ್ಸಿಗೆ ಕುಳಿತಿದ್ದಾಳೆ. ಚಂದ್ರಾಪೀಡ ತಂದೆಯ ಕರೆಗೆ ಊರಿಗೆ ಹೋಗಿದ್ದಾನೆ. ಸೈನ್ಯವನ್ನು ಕರೆತರಲು ಉಳಿದ ವೈಶಂಪಾಯನ ಆ ದಡಕ್ಕೆ ಬಂದವನು ಅಲ್ಲಿಂದ ಕದಲಲಾರ. ಏನನ್ನೋ ಕಳೆದುಕೊಂಡವನಂತೆ ಬಳ್ಳಿಮಾಡಗಳಲ್ಲಿ, ನೀರಿನ ಅಂಚಿನಲ್ಲಿ ಹುಡುಕುತ್ತಾನೆ. ಏನನ್ನು ಎಂದು ಅವನಿಗೇ ತಿಳಿಯದು. ಮಹಾಶ್ವೇತೆಯನ್ನು ಕಂಡು ಬೆನ್ನುಬೀಳುತ್ತಾನೆ. ಪರಪುರುಷನ ಚಾಪಲ್ಯವೆಂದು ಸಿಟ್ಟಾದ ಅವಳು, ಗಿಳಿಯಂತೆ ಹಲುಬುವ ನೀನು ಗಿಳಿಯೇ ಆಗು ಎಂದು ಶಪಿಸುತ್ತಾಳೆ. ಅವನು ಬುಡ ಕಡಿದ ಮರದಂತೆ ಬೀಳುತ್ತಾನೆ.

ಯಾರಿಗಾಗಿ ವ್ರತ ಹಿಡಿದಿದ್ದಳೋ ಅವನನ್ನೇ ಆ ವ್ರತದ ಬಲದಿಂದ ಕೊಂದಳು. ಅವಳ ಪಾತಿವ್ರತ್ಯ ಕಡಿಮೆಯಾಗಿದ್ದರೆ ಅವನು ಬದುಕುತ್ತಿದ್ದ! ಇದಕ್ಕಿಂತ ಕ್ರೂರವಾದ ಸನ್ನಿವೇಶ ನಮ್ಮ ಹಳೆಯ ಶೃಂಗಾರಕಾವ್ಯಗಳಲ್ಲಿ ನನಗೆ ನೆನಪಾಗುವುದಿಲ್ಲ. ಇಲ್ಲಿ ಖಳನಿಲ್ಲ, ಕೆರಳಿದ ದೂರ್ವಾಸನಿಲ್ಲ. ಮೊದಲ ಶಾಪ ಪ್ರೇಮಿಯ ಬಾಯಿಂದ ಬಂತು, ಕಡೆಯದು ಪ್ರಿಯೆಯ ಬಾಯಿಂದ. ಗೆಳೆಯನ ಸಾವನ್ನು ಕೇಳಿ ಚಂದ್ರಾಪೀಡನ ಎದೆಯೂ ಒಡೆಯಿತು. ಅವನಿಗೆ ಮನಸೋತ ಕಾದಂಬರಿ, ಕೆಡದೆ ಉಳಿದ ಆ ದೇಹವನ್ನು ದೇವರಂತೆ ಪೂಜಿಸುತ್ತ ಕಾದಳು.

'ಮಧುಮತಿ' (1958) ಚಿತ್ರದಿಂದೀಚೆಗೆ ಪುನರ್ಜನ್ಮದ ಕಥೆಯೆಂದರೆ ಹಳೆಯ ಮನೆ, ಹಳೆಯ ಚಿತ್ರಪಟ, ಥಟ್ಟನೆ ಮರಳುವ ನೆನಪು ಎಂದಾಗಿದೆ. ಅಲ್ಲಿ ನೆನಪು ವರ. ಇಲ್ಲಿ ನೆನಪು ಬರುವುದು ತಡವಾಗಿ, ಸಲ್ಲದ ದೇಹಕ್ಕೆ. ಗಿಳಿಮರಿಯಾದ ವೈಶಂಪಾಯನ ಜಾಬಾಲಿ ಮುನಿಯ ಬಾಯಿಂದ ತನ್ನ ಕಥೆಯನ್ನು ತಾನೇ ಕೇಳಿ, ರೆಕ್ಕೆ ಬಲಿತೊಡನೆ ಅವಳತ್ತ ಹಾರಿ ಬಲೆಗೆ ಬೀಳುತ್ತಾನೆ. ಪಂಜರದಲ್ಲಿ ಶೂದ್ರಕ ರಾಜನ ಸಭೆಗೆ ಬಂದು ಆ ಕಥೆಯನ್ನು ಹೇಳುತ್ತಾನೆ. ಕೇಳುತ್ತ ಕುಳಿತ ರಾಜನೋ ಚಂದ್ರಾಪೀಡನ ಮರುಹುಟ್ಟು! ಯಾರದೋ ಕಥೆಯೆಂದು ನಾಯಕನೇ ತಲೆದೂಗುತ್ತಿದ್ದಾನೆ. ಕಥೆಯೊಳಗೆ ಕಥೆಯಿಡುವ ತಂತ್ರ ನಮ್ಮವರಿಗೆ ಹಳತು. ಆದರೆ ಅದನ್ನು ಮರೆವಿನ ಚಿತ್ರವಾಗಿ ಬಳಸಿದ್ದು ಈ ಕಥೆಯ ಹಿರಿಮೆ.

ದೋಷವಿಲ್ಲವೆ? ಇದೆ. ಕಥೆಯ ಉತ್ತರಭಾಗ ಎಲ್ಲಕ್ಕೂ ಲೆಕ್ಕ ಕೊಡಲು ಹೊರಡುತ್ತದೆ. ಚಂದ್ರಾಪೀಡನ ಕುದುರೆ ಇಂದ್ರಾಯುಧವೂ ಶಾಪಗ್ರಸ್ತ, ಪುಂಡರೀಕನ ಗೆಳೆಯ ಕಪಿಂಜಲ. ಗಿಳಿ ತಂದ ಚಾಂಡಾಲಕನ್ಯೆ ಪುಂಡರೀಕನ ತಾಯಿ ಲಕ್ಷ್ಮಿ. ಪುಂಡರೀಕ 'ಜನ್ಮ' ಎಂಬ ಮಾತನ್ನು ಎರಡು ಬಾರಿ ಉಚ್ಚರಿಸಿದ್ದರಿಂದ ಎರಡಾದರೂ ಜನ್ಮ ಎತ್ತಲೇಬೇಕೆಂಬ ವ್ಯಾಕರಣದ ವಾದ ಬಾಣನ ಮಗನದು. ಪಂಡಿತರು ಮೆಚ್ಚಬಹುದು, ನನಗೆ ಅದು ಶಾನುಭೋಗರ ಲೆಕ್ಕದ ಹಾಗೆ ಕಾಣುತ್ತದೆ. ಮಹಾಶ್ವೇತೆ ನಿಜ ತಿಳಿದು ಗೋಳಾಡುತ್ತಾಳೆ, ನಿಜ. ಆ ಗೋಳು ಇಂಗುವ ಮೊದಲೇ ಕಥೆ ಮದುವೆಯ ಕಡೆಗೆ ಓಡುತ್ತದೆ.

ಎಲ್ಲರಿಗಿಂತ ಅನ್ಯಾಯವಾದದ್ದು ಪತ್ರಲೇಖೆಗೆ. ಸೆರೆಸಿಕ್ಕ ಅರಸುಮಗಳು ಈಕೆ, ಚಂದ್ರಾಪೀಡನ ಹಡಪದವಳಾಗಿ ನೆರಳಿನಂತೆ ಇದ್ದಳು. ಅವನು ಸತ್ತಾಗ ಕುದುರೆಯೊಡನೆ ಸರೋವರಕ್ಕೆ ಹಾರಿದಳು. ಕಾವ್ಯದ ಉಪೇಕ್ಷಿತೆಯರನ್ನು ಕುರಿತು ಬರೆದಾಗ ರವೀಂದ್ರನಾಥ ಠಾಕೂರರು ಇವಳನ್ನು ಮರೆಯಲಿಲ್ಲ. ಕುದುರೆ ಕಪಿಂಜಲನಾಗಿ ಮೇಲೆ ಬಂತು, ಅವಳು ಬರಲಿಲ್ಲ. ಕಥೆಯ ಕಡೆಯಲ್ಲಿ, ಎಲ್ಲರೂ ಕೂಡಿದ ಮೇಲೆ, ಅವಳೆಲ್ಲಿ ಎಂದು ಕೇಳುವವಳು ಕಾದಂಬರಿಯೊಬ್ಬಳೇ. ಅವಳು ರೋಹಿಣಿ, ನನ್ನ ಸೇವೆಗೆಂದು ಇಳಿದು ಬಂದಿದ್ದಳು, ಚಂದ್ರಲೋಕಕ್ಕೆ ಮರಳಿದ್ದಾಳೆ ಎಂದು ಗಂಡ ಉತ್ತರಿಸುತ್ತಾನೆ. ಕಾದಂಬರಿ ಮತ್ತೆ ಕೇಳುವುದಿಲ್ಲ.