ಗರಿಯ ಚಿತ್ರವೂ ಗರಿಯ ಓದೂ: ಬಾಲಿಯ ಲೊಂಟಾರ್‌ಗಳ ಡಿಜಿಟಲ್ ಸಂರಕ್ಷಣೆಯ ಕುರಿತು

ಬಾಲಿ ದ್ವೀಪದಲ್ಲಿ ತಾಳೆಗರಿಯ ಹಸ್ತಪ್ರತಿಗೆ ‘ಲೊಂಟಾರ್’ ಅನ್ನುತ್ತಾರೆ. ‘ರೊನ್’ ಅಂದರೆ ಎಲೆ, ‘ತಾಲ್’ ಅಂದರೆ ತಾಳೆ. ರೊನ್‌ತಾಲ್ ಎಂಬುದು ಹಿಂದುಮುಂದಾಗಿ ಲೊಂಟಾರ್ ಆಯಿತು. ನಮ್ಮ ತಾಳೆಯ ನೆಂಟಸ್ತಿಕೆ ಕಿವಿಗೇ ಕೇಳುತ್ತದಲ್ಲ?

2011ರಲ್ಲಿ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಡೆನ್‌ಪಸಾರ್‌ನ ಸರಕಾರಿ ಸಂಸ್ಕೃತಿ ದಾಖಲೆ ಕೇಂದ್ರದಲ್ಲಿದ್ದ ಸುಮಾರು 3,000 ಲೊಂಟಾರ್‌ಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಒಂದು ಜನಾಂಗದ ಹೆಚ್ಚುಕಡಿಮೆ ಇಡೀ ಸಾಹಿತ್ಯವೇ ಅಂತರ್ಜಾಲಕ್ಕೆ ಬಂತು ಎಂಬ ಧಾಟಿಯ ಮಾತುಗಳು ಆಗ ಕೇಳಿಬಂದವು. ಕೆಲಸ ದೊಡ್ಡದು, ಅದರಲ್ಲಿ ಸಂಶಯ ಇಲ್ಲ. ಆದರೆ ‘ಇಡೀ ಸಾಹಿತ್ಯ’ ಅಂದದ್ದು ನನಗೆ ಒಪ್ಪಿಗೆಯಿಲ್ಲ.

ಯಾಕೆ ಅಂದರೆ, ಬಾಲಿಯಲ್ಲಿ ಗರಿ ಎಂಬುದು ಸಾಹಿತ್ಯದ ಅರ್ಧ ಮಾತ್ರ. ಅಲ್ಲಿ ‘ಪೆಪಾವೊಸನ್’ ಎಂಬ ಓದಿನ ಕೂಟಗಳುಂಟು. ಒಬ್ಬರು ಕವಿ ಭಾಷೆಯ, ಅಂದರೆ ಹಳೆಯ ಜಾವಾದ ಕಾವ್ಯಭಾಷೆಯ, ಸಾಲನ್ನು ಹಾಡುತ್ತಾರೆ. ಇನ್ನೊಬ್ಬರು ಅದನ್ನು ಆಡುಮಾತಿನ ಬಾಲಿ ಭಾಷೆಗೆ ಬಿಡಿಸಿ ಹೇಳುತ್ತಾರೆ. ಕಾಸರಗೋಡಿನ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಾಗವತರ ಪದ, ಅರ್ಥಧಾರಿಯ ಮಾತು: ತಾಳಮದ್ದಳೆಯಲ್ಲಿ ಕೇಳಿದ್ದೇವೆ. ಗಮಕ-ವ್ಯಾಖ್ಯಾನಕ್ಕಂತೂ ಇದು ಇನ್ನೂ ಹತ್ತಿರ. ಪೆಪಾವೊಸನ್‌ನಲ್ಲಿ ಕೂತವರು ನಡುವೆ ಬಾಯಿ ಹಾಕಬಹುದು, ಆ ಪದಕ್ಕೆ ಬೇರೆ ಅರ್ಥವೂ ಉಂಟು ಅನ್ನಬಹುದು. ಪದಗಳ ನಡುವೆ ಜಾಗ ಬಿಡದೆ ಕೊರೆದ ಬರೆಹ ಅದು. ಎಲ್ಲಿ ತುಂಡರಿಸಬೇಕು ಎಂಬುದೇ ಅರ್ಧ ವ್ಯಾಖ್ಯಾನ. ಯಕ್ಷಗಾನ ಪ್ರಸಂಗದ ಪುಸ್ತಕವನ್ನು ಪುಟಪುಟ ಸ್ಕ್ಯಾನ್ ಮಾಡಿ ‘ತಾಳಮದ್ದಳೆಯನ್ನು ಉಳಿಸಿದೆವು’ ಅಂದರೆ ನಾವು ಒಪ್ಪುತ್ತೇವಾ?

ಇನ್ನೊಂದು ವಿಷಯ. ಆ ಹವೆಯಲ್ಲಿ ಗರಿ ಬಹುಕಾಲ ಬಾಳುವುದಿಲ್ಲ, ಹುಳು ತಿನ್ನುತ್ತದೆ. ಹಾಗಾಗಿ ಅಲ್ಲಿಯವರ ಹಳೆಯ ಸಂರಕ್ಷಣಾ ವಿಧಾನವೇ ನಕಲು: ಹೊಸ ಗರಿ, ಕೊರೆಯುವ ಚೂರಿ, ಕೆಮಿರಿ ಕಾಯಿ ಸುಟ್ಟ ಮಸಿ. ನಕಲು ಮಾಡುವವನು ಓದಲೇಬೇಕಿತ್ತು. ಸ್ಕ್ಯಾನರಿಗೆ ಆ ನಿರ್ಬಂಧ ಇಲ್ಲ.

ಸಮುದಾಯದ ಸಹಭಾಗಿತ್ವ ಎಂಬ ಮಾತು ಈಗ ಪ್ರತಿ ಯೋಜನೆಯ ಮೊದಲ ಪುಟದಲ್ಲೇ ಇರುತ್ತದೆ. ಗರಿ ಒರೆಸಲು, ಬೆಳಕು ಹಿಡಿಯಲು ಊರಿನವರು ಬಂದರೆ ಅದನ್ನು ಸಹಭಾಗಿತ್ವ ಅನ್ನಲಾರೆ. ತಿದ್ದುವ, ಎದುರುತ್ತರ ಕೊಡುವ, ಬೇಡ ಅನ್ನುವ ಅವಕಾಶ ಯಾರಿಗುಂಟು ಅಂತ ನೋಡಬೇಕು. ಈ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಉದಾಹರಣೆ ಡಿಜಿಟಲ್ ಯೋಜನೆಯೇ ಅಲ್ಲ, ರೇಡಿಯೊ. ಡೆನ್‌ಪಸಾರ್ ಆಕಾಶವಾಣಿಯ ‘ಡಾಗಾಂಗ್ ಗಂತಾಲ್’ ಕಾರ್ಯಕ್ರಮಕ್ಕೆ ಕೇಳುಗರು ಫೋನ್ ಮಾಡಿ ಪದ್ಯ ಹಾಡುತ್ತಾರೆ, ಅರ್ಥ ಹೇಳುವವರು ಹೇಳುತ್ತಾರೆ. ಹೆಲೆನ್ ಕ್ರೀಸ್ ಇಂಥ ಬಾನುಲಿ ಓದಿನ ಕುರಿತು 2009ರಲ್ಲಿ ಬರೆದಿದ್ದಾರೆ. ಪೆಪಾವೊಸನ್‌ನ ಕಟ್ಟನ್ನು ಕೆಡಿಸದೆ ತಂತ್ರಜ್ಞಾನ ಅದರೊಳಗೆ ಹೊಕ್ಕ ಬಗೆ ಇದು. ಸಂರಕ್ಷಣೆ ಎಂಬ ಹೆಸರೂ ಅದಕ್ಕೆ ಬೇಕಾಗಲಿಲ್ಲ.

ಡಿಜಿಟಲ್ ಯೋಜನೆಗಳಲ್ಲಿ ಇದಕ್ಕೆ ಸಮೀಪ ಬರುವಂಥವು ಇಲ್ಲ ಅಂತಲ್ಲ. ಬಾಸಾಬಾಲಿ ವಿಕಿ ಎಂಬ ಬಾಲಿ-ಇಂಡೋನೇಷ್ಯಾ-ಇಂಗ್ಲಿಷ್ ನಿಘಂಟನ್ನು ಜನರೇ ತುಂಬಬಹುದು, ತಿದ್ದಬಹುದು. ‘ಪಾಮ್‌ಲೀಫ್’ ಎಂಬ ಇನ್ನೊಂದು ವಿಕಿಯಲ್ಲಿ ಆರ್ಕೈವ್‌ನ ಅದೇ ಚಿತ್ರಗಳನ್ನು ನೋಡಿಕೊಂಡು ಬಾಲಿ ಲಿಪಿಯಲ್ಲಿ ಪ್ರತಿ ಮಾಡಬಹುದು. ಅಂದರೆ ನಕಲುಗಾರ ಮರಳಿ ಬಂದ. 2006ರಲ್ಲಿ ಆ ಲಿಪಿ ಯೂನಿಕೋಡಿಗೆ ಸೇರದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಇವೆರಡರಲ್ಲೂ ಮುಖ್ಯ ಕೆಲಸ ಬರೆಹದ್ದು. ಕೂಟದ ಜಗಳ ಅಲ್ಲಿ ಕೇಳುವುದಿಲ್ಲ.

‘ಬಾಲಿ 1928’ ಯೋಜನೆ ಸ್ವಲ್ಪ ಭಿನ್ನ. ಓಡಿಯನ್ ಮತ್ತು ಬೆಕಾ ಕಂಪನಿಗಳು ಆ ವರ್ಷ ಬಾಲಿಯಲ್ಲಿ ಧ್ವನಿಮುದ್ರಿಸಿದ ತಟ್ಟೆಗಳು ನಾನಾ ದೇಶಗಳಲ್ಲಿ ಚದುರಿಹೋಗಿದ್ದವು. ಎಡ್ವರ್ಡ್ ಹರ್ಬ್‌ಸ್ಟ್ ಬಾಲಿಯ ಸಹೋದ್ಯೋಗಿಗಳ ಜೊತೆ ಅವನ್ನು ಹುಡುಕಿ, ಶುದ್ಧಗೊಳಿಸಿ, ಆ ಕಲಾವಿದರ ಮಕ್ಕಳು ಮೊಮ್ಮಕ್ಕಳ ಬಳಿಗೆ ಒಯ್ದರು. ಯಾರು ಹಾಡಿದ್ದು, ಯಾವ ಊರಿನ ಮಟ್ಟು ಎಂಬ ವಿವರಗಳು ಆ ಹಿರಿಯರ ಮಾತಿನಿಂದ ಕೂಡಿಬಂದವು. ಇಲ್ಲಿ ಸಮುದಾಯ ಅರ್ಥಧಾರಿಯ ಜಾಗದಲ್ಲಿ ಕೂತಿದೆ.

ಇಷ್ಟಾದರೂ ಒಂದು ಗಂಟು ಬಿಚ್ಚಿಕೊಂಡಿಲ್ಲ. ಮಂತ್ರ, ಔಷಧ, ತತ್ತ್ವದ ಎಷ್ಟೋ ಲೊಂಟಾರ್‌ಗಳಲ್ಲಿ ‘ಅಜ ವೆರ’ ಎಂಬ ಎಚ್ಚರಿಕೆ ಉಂಟು: ಕಂಡಕಂಡವರಿಗೆ ಹೇಳಬೇಡ ಅಂತ. ಸರಸ್ವತಿ ದಿನ 210 ದಿನಕ್ಕೊಮ್ಮೆ ಬರುತ್ತದೆ, ಅಂದು ಗರಿಗಳಿಗೆ ನೈವೇದ್ಯ. ಓದು ಬರೆಹಕ್ಕೆ ಬಿಡುವು. ಇಂಥ ವಸ್ತುವನ್ನು ‘ಮುಕ್ತ ಪ್ರವೇಶ’ ಎಂಬ ಒಂದೇ ನಿಯಮಕ್ಕೆ ಒಗ್ಗಿಸುವುದು ನನಗೆ ಅವಸರದ ಕೆಲಸವಾಗಿ ಕಾಣುತ್ತದೆ. ಗುಟ್ಟಿನ ಹೆಸರಲ್ಲಿ ವಿದ್ಯೆ ಕೆಲವೇ ಮನೆಗಳ ಸೊತ್ತಾಗಿತ್ತು ಅಂತ ನೀವು ಕೇಳಬಹುದು, ನ್ಯಾಯವೇ. ಆದರೆ ಆ ತಗಾದೆ ಬಾಲಿಯವರೊಳಗೆ ನಡೆಯಬೇಕಾದ್ದು, ಸರ್ವರ್ ಇಟ್ಟವರು ತೀರ್ಮಾನಿಸುವಂಥದ್ದಲ್ಲ. 2016ರಿಂದ ಪ್ರಾಂತ ಸರಕಾರ ಊರಿಗೊಬ್ಬರಂತೆ ಭಾಷಾ ಕಾರ್ಯಕರ್ತರನ್ನು ನೇಮಿಸಿದೆ. ಇವರು ಮನೆಮನೆಗೆ ಹೋಗಿ ಪೆಟ್ಟಿಗೆಯಲ್ಲಿದ್ದ ಗರಿಗಳನ್ನು ಗುರುತಿಸಿ, ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಕೊಡುತ್ತಾರೆ. ಎಣ್ಣೆ ಹಚ್ಚಿಸಿಕೊಂಡು, ಫೋಟೊ ಮಾತ್ರ ಬೇಡ ಅನ್ನುವ ಮನೆಯವರನ್ನು ನಮ್ಮ ಡಿಜಿಟಲ್ ಯೋಜನೆಗಳ ವರದಿಯಲ್ಲಿ ಯಾವ ಕಾಲಂನಲ್ಲಿ ಬರೆಯುತ್ತೇವೆ? ಚರ್ಚೆಗೆ ಇದನ್ನೇ ಇಡುತ್ತೇನೆ.