ಅಲ್ಯೂಮಿನಿಯಂಗೆ ಕಂದು ತುಕ್ಕು ಎಲ್ಲಿಂದ ಬಂತು?

ಮಡಿವಾಳದ ಗೆಳೆಯನೊಬ್ಬ 1/72 ಅಳತೆಯ ಲಿಬರೇಟರ್ ಬಾಂಬರ್ ಮಾಡಿದ್ದಾನೆ; 1943ರಲ್ಲಿ ಲಿಬಿಯಾದ ಮರುಭೂಮಿಯಿಂದ ಹಾರುತ್ತಿದ್ದ ವಿಮಾನ. ಬಿಸಿಲಿಗೆ ಮಾಸಿದ ಮರಳುಬಣ್ಣವನ್ನು ಸೊಗಸಾಗಿ ತಂದಿದ್ದಾನೆ. ಆದ್ರೆ ಮೈತುಂಬಾ ಕಂದು ತುಕ್ಕು ಯಾಕೆ? ಅದರ ಮೈ ಅಲ್ಯೂಮಿನಿಯಂ. ಬಣ್ಣ ಕಿತ್ತರೆ ಬೆಳ್ಳಿಹೊಳಪು ಕಾಣಬೇಕು. ಮರಳು ಉಜ್ಜೋದು ರೆಕ್ಕೆಯ ಮುಂದಿನ ಅಂಚನ್ನ, ಪ್ರೊಪೆಲ್ಲರನ್ನ. ಮೆಕ್ಯಾನಿಕ್‌ಗಳ ಬೂಟು ಸವೆಸೋದು ರೆಕ್ಕೆಯ ಬುಡವನ್ನ. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತ ಹಳೇ ಬಸ್ಸು ನೋಡಿ: ಕೈಕಾಲು ತಾಗೋ ಕಡೆಯೇ ಬಣ್ಣ ಮೊದಲು ಹೋಗಿರುತ್ತೆ.

ಈ ವಿಮಾನಕ್ಕೆ ನಮ್ಮೂರಿನ ನಂಟೂ ಇದೆ. ಯುದ್ಧದ ನಂತರ ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್‌ಗಳನ್ನ ಎಚ್‌ಎಎಲ್‌ನವರು ರಿಪೇರಿ ಮಾಡಿದರು. ನಮ್ಮ ವಾಯುಪಡೆ 1968ರವರೆಗೆ ಹಾರಿಸಿತು. ಅಂಥ ವಿಮಾನದ ಒಂದೊಂದು ಗೀರಿನ ಹಿಂದೆಯೂ ಯಾರದೋ ದುಡಿಮೆ ಇರುತ್ತೆ. ಗೆಳೆಯನ ಮಾಡೆಲ್‌ನಲ್ಲಿ ವಯಸ್ಸು ಕಾಣುತ್ತೆ, ದುಡಿದವರು ಕಾಣಲ್ಲ.