ಟುಟು: ಆಹಾರ್ಯದ ಚರಿತ್ರೆ ಮತ್ತು ನರ್ತಕಿಯ ದೇಹ

ಭಾರತೀಯ ನಾಟ್ಯಮೀಮಾಂಸೆಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ವೇಷಭೂಷಣವನ್ನು ಅಭಿನಯದ ಹೊರಗಿನ ಅಲಂಕಾರವೆಂದು ತಿಳಿಯದೆ ಅದರ ಅಂಗವೆಂದೇ ಪರಿಗಣಿಸಿರುವುದು ಈ ವಿಂಗಡಣೆಯ ವೈಶಿಷ್ಟ್ಯ. ಪಾಶ್ಚಾತ್ಯ ಬ್ಯಾಲೆ ನೃತ್ಯದ ಪ್ರಸಿದ್ಧ ಉಡುಪಾದ ಟುಟುವಿನ ಅಧ್ಯಯನಕ್ಕೂ ಈ ದೃಷ್ಟಿ ಉಪಯುಕ್ತವಾದುದು. ಟುಟುವಿನ ಕಥೆಯನ್ನು ಸಾಮಾನ್ಯವಾಗಿ ಒಂದು ಸರಳರೇಖೆಯಂತೆ ಹೇಳಲಾಗುತ್ತದೆ: ಲಂಗವು ಕಾಲಕ್ರಮದಲ್ಲಿ ಗಿಡ್ಡವಾಯಿತು, ನರ್ತಕಿಯ ಕಾಲುಗಳು ಸ್ವತಂತ್ರವಾದವು, ನೃತ್ಯ ಬೆಳೆಯಿತು. ಈ ವಿವರಣೆಯಲ್ಲಿ ಸತ್ಯಾಂಶವಿದ್ದರೂ ಅದು ಅಪೂರ್ಣ. ಬಟ್ಟೆ, ಬೆಳಕು, ನೃತ್ಯತಂತ್ರ ಮತ್ತು ಪ್ರೇಕ್ಷಕರ ಅಪೇಕ್ಷೆ ಇವು ಒಂದೆಡೆ ಕೂಡಿದಾಗ ಟುಟು ರೂಪುಗೊಂಡಿತು. ಅದರ ಬೆಲೆಯನ್ನು ತೆತ್ತದ್ದು ಮಾತ್ರ ನರ್ತಕಿಯ ದೇಹ. ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ರಂಗಭೂಮಿಯಲ್ಲಿ ನರ್ತಕಿಯರು ರಾಜಾಸ್ಥಾನದ ಭಾರವಾದ ಉಡುಪನ್ನೇ ತೊಟ್ಟು ಕುಣಿಯುತ್ತಿದ್ದರು. ೧೭೨೬ರಲ್ಲಿ ಪ್ಯಾರಿಸ್ ಒಪೆರಾದ ರಂಗವನ್ನೇರಿದ ಮರೀ ಕಮಾರ್ಗೊ ತನ್ನ ಚುರುಕಾದ ಪಾದಗತಿ ಪ್ರೇಕ್ಷಕರಿಗೆ ಕಾಣಲೆಂದು ಲಂಗದ ಅಂಚನ್ನು ಕಣಕಾಲಿನ ಮೇಲಕ್ಕೆ ಏರಿಸಿದಳು. ಆಕೆಯ ಸಮಕಾಲೀನಳಾದ ಮರೀ ಸಾಲೆ ೧೭೩೪ರಲ್ಲಿ ಲಂಡನ್ನಿನಲ್ಲಿ 'ಪಿಗ್ಮೇಲಿಯನ್' ಪ್ರಯೋಗಕ್ಕಾಗಿ ಸೊಂಟದ ಚೌಕಟ್ಟನ್ನು ಕಳಚಿ, ಗ್ರೀಕ್ ಶಿಲ್ಪವನ್ನು ನೆನಪಿಸುವ ತೆಳುವಾದ ಮಸ್ಲಿನ್ ಉಡುಪನ್ನು ಧರಿಸಿದಳು. ಇಬ್ಬರ ಉದ್ದೇಶವೂ ಒಂದೇ ಆಗಿರಲಿಲ್ಲ. ಕಮಾರ್ಗೊಳಿಗೆ ಬೇಕಾದದ್ದು ಪಾದದ ಗೋಚರತೆ. ಸಾಲೆಗೆ ಬೇಕಾದದ್ದು ಭಾವಕ್ಕೆ ಒದಗುವ ದೇಹರೇಖೆ. ಲಂಗದ ಉದ್ದವನ್ನಷ್ಟೇ ಅಳೆಯುವ ಚರಿತ್ರೆಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಟುಟುವಿನ ನಿಜವಾದ ಆರಂಭವನ್ನು ೧೮೩೨ರ 'ಲಾ ಸಿಲ್ಫೀಡ್' ಬ್ಯಾಲೆಯಲ್ಲಿ ಗುರುತಿಸುವುದು ವಾಡಿಕೆ. ಫಿಲಿಪ್ಪೊ ಟಾಲ್ಯೋನಿ ಸಂಯೋಜಿಸಿದ ಈ ಕೃತಿಯಲ್ಲಿ ಅವನ ಮಗಳು ಮರೀ ಟಾಲ್ಯೋನಿ ವಾಯುಕನ್ಯೆಯಾಗಿ ಕಾಣಿಸಿಕೊಂಡಳು. ಬಿಗಿಯಾದ ರವಿಕೆ, ಗಂಟೆಯಾಕಾರದಲ್ಲಿ ಮೀನಖಂಡದವರೆಗೆ ಇಳಿಬಿದ್ದ ಬಿಳಿಯ ಪದರಗಳು ಇದ್ದ ಆ ಉಡುಪಿನ ವಿನ್ಯಾಸವನ್ನು ಯುಜೀನ್ ಲಾಮಿಯದೆಂದು ಹೇಳಲಾಗುತ್ತದೆ. ಇಲ್ಲಿನ ಹೊಸತನ ಇರುವುದು ಉದ್ದದಲ್ಲಲ್ಲ, ಭಾರವಿಲ್ಲದಂತೆ ತೋರುವ ಗುಣದಲ್ಲಿ. ಈ ಗುಣಕ್ಕೆ ಮೂರು ಕಾರಣಗಳು ಒದಗಿಬಂದಿದ್ದವು. ೧೮೦೯ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಪೇಟೆಂಟ್ ಪಡೆದ ಯಂತ್ರದಿಂದಾಗಿ ಟ್ಯೂಲ್ ಎಂಬ ಜಾಲರಿ ಬಟ್ಟೆಯನ್ನು ಯಂತ್ರದಲ್ಲೇ ನೇಯುವುದು ಸಾಧ್ಯವಾಗಿತ್ತು. ೧೮೨೨ರಲ್ಲಿ ಪ್ಯಾರಿಸ್ ಒಪೆರಾದ ರಂಗಕ್ಕೆ ಅನಿಲದೀಪ ಬಂದಿತ್ತು. ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ತಂತ್ರವು ಕೇವಲ ಚಮತ್ಕಾರವಾಗಿ ಉಳಿಯದೆ ಟಾಲ್ಯೋನಿಯಲ್ಲಿ ಭಾವದ ವಾಹಕವಾಗಿತ್ತು. ತೆಳುಬಟ್ಟೆಯ ಮೂಲಕ ಹಾಯುವ ಅನಿಲದೀಪದ ಬೆಳಕು ಮನುಷ್ಯದೇಹವನ್ನು ಅಮಾನುಷವಾಗಿಸಿತು. ೧೮೪೧ರ 'ಜಿಸೆಲ್' ಬ್ಯಾಲೆಯ ಎರಡನೆಯ ಅಂಕದ ಪ್ರೇತಕನ್ಯೆಯರ ಸಮೂಹ ಇದೇ ಕಲ್ಪನೆಯ ವಿಸ್ತರಣೆ.

ಆದರೆ ಟುಟುವನ್ನು ಬೆಳಗಿಸಿದ ದೀಪವೇ ಅದಕ್ಕೆ ಮೃತ್ಯುವೂ ಆಯಿತು. ಪದರಗಳ ನಡುವೆ ಗಾಳಿಯನ್ನು ತುಂಬಿಕೊಂಡ ಹತ್ತಿಬಟ್ಟೆ ಕ್ಷಣಮಾತ್ರದಲ್ಲಿ ಉರಿಯುತ್ತದೆ. ೧೮೪೪ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಉಡುಪಿಗೆ ಬೆಂಕಿ ತಗುಲಿ, ಕೆಲವೇ ದಿನಗಳಲ್ಲಿ ಆಕೆ ಮರಣಹೊಂದಿದಳು. ಇನ್ನೂ ಮಹತ್ವದ ಪ್ರಕರಣ ಟಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರಿಯದು. ೧೮೬೨ರ ನವೆಂಬರ್ ೧೫ರಂದು ಪ್ಯಾರಿಸ್ ಒಪೆರಾದಲ್ಲಿ ತಾಲೀಮು ನಡೆಯುತ್ತಿದ್ದಾಗ ಅನಿಲದೀಪದ ಜ್ವಾಲೆ ಆಕೆಯ ಲಂಗಕ್ಕೆ ಹತ್ತಿತು. ಎಂಟು ತಿಂಗಳ ಯಾತನೆಯ ಬಳಿಕ ೧೮೬೩ರ ಜುಲೈ ೨೬ರಂದು, ಇಪ್ಪತ್ತರ ಹರೆಯದಲ್ಲಿ, ಆಕೆ ತೀರಿಕೊಂಡಳು. ಆಕೆಗಾಗಿಯೇ ಟಾಲ್ಯೋನಿ ೧೮೬೦ರಲ್ಲಿ ಸಂಯೋಜಿಸಿದ್ದ 'ಲ ಪಾಪಿಯೋಂ' ದೀಪದ ಜ್ವಾಲೆಗೆ ರೆಕ್ಕೆ ಸುಟ್ಟುಕೊಳ್ಳುವ ಚಿಟ್ಟೆಯ ಕಥೆಯಾಗಿತ್ತು.

ಈ ದುರಂತವನ್ನು ಕೇವಲ ಆಕಸ್ಮಿಕವೆಂದು ಬದಿಗಿಡಲಾಗದು. ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಬೆಂಕಿ ತಗುಲದಂತೆ ಮಾಡುವ ಕಾರ್ಟೆರೋನ್ ವಿಧಾನ ಆ ವೇಳೆಗಾಗಲೇ ಬಳಕೆಗೆ ಬಂದಿತ್ತು. ಆದರೆ ಹಾಗೆ ಅದ್ದಿದ ಬಟ್ಟೆ ಬಿರುಸಾಗಿ, ಬಣ್ಣಗೆಟ್ಟು ಕಾಣುತ್ತಿತ್ತು. ಸಾಮಾನ್ಯ ಲಂಗದಲ್ಲೇ ನರ್ತಿಸುವುದಾಗಿ, ಅದರ ಹೊಣೆ ತನ್ನದೇ ಎಂದು ಲಿವ್ರಿ ಒಪೆರಾದ ನಿರ್ದೇಶಕರಿಗೆ ೧೮೬೦ರಲ್ಲಿ ಲಿಖಿತವಾಗಿ ತಿಳಿಸಿದ್ದಳು. ಇದನ್ನು ತರುಣಿಯೊಬ್ಬಳ ಹಟವೆಂದೋ ಸೌಂದರ್ಯಮೋಹವೆಂದೋ ವ್ಯಾಖ್ಯಾನಿಸುವುದು ಸುಲಭ. ಆದರೆ ಭಾರವಿಲ್ಲದಂತೆ ಕಾಣುವುದನ್ನೇ ಕಲೆಯ ಪರಮಾದರ್ಶವಾಗಿಸಿದ್ದ ಪರಂಪರೆಯಲ್ಲಿ ಬೆಳೆದವಳು ಅವಳು. ಬಿರುಸಾದ ಲಂಗವೆಂದರೆ ಅವಳಿಗೆ ಅನಾನುಕೂಲವಾದ ಉಡುಪಷ್ಟೇ ಅಲ್ಲ, ಕಲೆಯ ಭಂಗವೇ ಆಗಿತ್ತು. ಆಹಾರ್ಯವು ಆಂಗಿಕದೊಡನೆ ಎಷ್ಟು ಗಾಢವಾಗಿ ಬೆಸೆದುಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ದೊರೆಯಲಾರದು. ಉರಿದುಳಿದ ಆಕೆಯ ಉಡುಪಿನ ತುಣುಕುಗಳನ್ನು ಪ್ಯಾರಿಸ್ ಒಪೆರಾದ ವಸ್ತುಸಂಗ್ರಹಾಲಯ ಸಂರಕ್ಷಿಸಿದೆ.

ಶತಮಾನದ ಕೊನೆಯ ದಶಕಗಳಲ್ಲಿ ಟುಟು ಇನ್ನೊಂದು ರೂಪವನ್ನು ತಾಳಿತು. ಇಟಲಿಯ ನರ್ತಕಿಯರ ಕಠಿಣ ತಂತ್ರಕ್ಕೆ ಉದ್ದನೆಯ ಲಂಗ ಅಡ್ಡಿಯಾಗಿತ್ತು. ೧೮೮೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ವರ್ಜೀನಿಯಾ ಝುಕ್ಕಿ ಗಿಡ್ಡ ಲಂಗಕ್ಕಾಗಿ ಪಟ್ಟುಹಿಡಿದಳು. ೧೮೯೫ರ 'ಸ್ವಾನ್ ಲೇಕ್' ಪ್ರಯೋಗದಲ್ಲಿ ಪಿಯರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ ೩೨ ಬಾರಿ ಸುತ್ತಿದಳು. ಇಂಥ ಸಾಧನೆಯನ್ನು ಪ್ರೇಕ್ಷಕನು ಎಣಿಸಿ ನೋಡಬೇಕಾದರೆ ಕಾಲು ಪೂರ್ತಿಯಾಗಿ ಕಾಣಲೇಬೇಕು. ಆದರೆ ಕಾಣುವ ಕಾಲನ್ನು ನೋಡುತ್ತಿದ್ದವರೆಲ್ಲರೂ ತಂತ್ರವನ್ನೇ ನೋಡುತ್ತಿರಲಿಲ್ಲ. ಪ್ಯಾರಿಸ್ ಒಪೆರಾದ ಶ್ರೀಮಂತ ಚಂದಾದಾರರಿಗೆ ರಂಗದ ಹಿಂದಿನ ನೃತ್ಯಶಾಲೆಗೂ ಪ್ರವೇಶವಿತ್ತು. ೧೮೮೧ರಲ್ಲಿ ಡೆಗಾ ಪ್ರದರ್ಶಿಸಿದ, ನಿಜವಾದ ಬಟ್ಟೆಯ ಲಂಗ ತೊಡಿಸಿದ ಹದಿನಾಲ್ಕರ ಬಾಲೆಯ ಮೇಣದ ಶಿಲ್ಪಕ್ಕೆ ಮಾದರಿಯಾದ ಮರೀ ವಾನ್ ಗೋಥೆಮ್ ಬಟ್ಟೆ ಒಗೆಯುವವಳೊಬ್ಬಳ ಮಗಳು. ಟುಟು ಎಂಬ ಪದದ ನಿಷ್ಪತ್ತಿಯಲ್ಲೂ ಈ ದ್ವಂದ್ವ ಕಾಣುತ್ತದೆ: ಅದು ಟ್ಯೂಲ್ ಶಬ್ದದಿಂದ ಬಂದುದೆಂದು ಕೆಲವರೂ, ಪೃಷ್ಠಭಾಗವನ್ನು ಸೂಚಿಸುವ ಫ್ರೆಂಚ್ ಮಕ್ಕಳ ಮಾತಿನಿಂದ ಬಂದುದೆಂದು ಹಲವರೂ ವಿವರಿಸುತ್ತಾರೆ.

ಇಪ್ಪತ್ತನೆಯ ಶತಮಾನವು ಸರಳರೇಖೆಯ ಕಥನವನ್ನು ಸಂಪೂರ್ಣವಾಗಿ ಮುರಿಯುತ್ತದೆ. ಮಿಖಾಯಿಲ್ ಫೋಕಿನ್ ೧೯೦೯ರ 'ಲೆ ಸಿಲ್ಫೀಡ್'ನಲ್ಲಿ ಉದ್ದನೆಯ ಲಂಗಕ್ಕೆ ಮರಳಿದನು. ಜಾರ್ಜ್ ಬಾಲಂಚೀನ್ ೧೯೫೧ರಲ್ಲಿ 'ಕಾನ್ಸರ್ಟೋ ಬರೋಕೊ' ಬ್ಯಾಲೆಯ ವೇಷಗಳನ್ನು ತೊರೆದು ತಾಲೀಮಿನ ಉಡುಪನ್ನೇ ರಂಗಕ್ಕೆ ತಂದನು. ಅದೇ ಬಾಲಂಚೀನ್‌ನ 'ಸಿಂಫನಿ ಇನ್ ಸಿ' ಕೃತಿಗೆ ಬಾರ್ಬರಾ ಕರಿನ್ಸ್ಕಾ ೧೯೫೦ರಲ್ಲಿ ತಂತಿಬಳೆಯಿಲ್ಲದ ಮೃದುವಾದ ಟುಟುವನ್ನು ರೂಪಿಸಿದ್ದಳು. ರಂಗದಲ್ಲಿ ಒತ್ತಾಗಿ ನಿಂತ ನರ್ತಕಿಯರ ಲಂಗಗಳು ಒಂದಕ್ಕೊಂದು ತಾಗದಿರಲೆಂಬುದು ಅದರ ಪ್ರಯೋಜನ. ನ್ಯೂಯಾರ್ಕಿನ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ೧೯೭೦ರ ದಶಕದಲ್ಲಿ ಗುಲಾಬಿ ಕಾಲುಡುಪಿಗೆ ಬದಲಾಗಿ ಪ್ರತಿ ನರ್ತಕಿಯ ಮೈಬಣ್ಣಕ್ಕೆ ಹೊಂದುವ ಕಾಲುಡುಪು, ಪಾದರಕ್ಷೆಗಳನ್ನು ರೂಢಿಗೆ ತಂದಿತು. ಟುಟುವಿನ ಕೆಳಗೆ ಯಾರ ದೇಹವನ್ನು ಸಹಜವೆಂದು ಭಾವಿಸಲಾಗಿತ್ತು ಎಂಬ ಪ್ರಶ್ನೆಯನ್ನು ಈ ಬದಲಾವಣೆ ಬಹಿರಂಗವಾಗಿ ಎತ್ತಿತು.

ಒಟ್ಟಿನಲ್ಲಿ, ಟುಟುವಿನ ವಿಕಾಸವನ್ನು ಬಿಡುಗಡೆಯ ಏಕಮುಖ ಪಯಣವೆಂದು ಓದುವುದು ಸಮರ್ಪಕವಲ್ಲ. ಕಮಾರ್ಗೊ, ಝುಕ್ಕಿಯರು ತಮ್ಮ ಕಲೆಗಾಗಿ ಲಂಗವನ್ನು ಬದಲಿಸಿದ್ದು ನಿಜ. ಲಿವ್ರಿ ತನ್ನ ಕಲೆಗಾಗಿ ಲಂಗವನ್ನು ಬದಲಿಸಲು ನಿರಾಕರಿಸಿದ್ದೂ ಅಷ್ಟೇ ನಿಜ. ಎರಡೂ ನರ್ತಕಿಯರ ಆಯ್ಕೆಗಳೇ. ಆದರೆ ಆ ಆಯ್ಕೆಯ ಎಲ್ಲೆಯನ್ನು ಗೊತ್ತುಪಡಿಸಿದವು ರಂಗದ ಬೆಳಕು, ಬಟ್ಟೆಯ ಗುಣ ಮತ್ತು ನೋಡುವವರ ಅಪೇಕ್ಷೆಗಳು. ವೇಷಭೂಷಣದ ಅಧ್ಯಯನವು ಉದ್ದಗಲಗಳ ಲೆಕ್ಕದಲ್ಲಿ ನಿಲ್ಲದೆ, ಆ ವೇಷದೊಳಗಿದ್ದ ದೇಹದ ಶ್ರಮ ಮತ್ತು ಅಪಾಯಗಳನ್ನೂ ದಾಖಲಿಸಿದಾಗ ಮಾತ್ರ ಆಹಾರ್ಯದ ಚರಿತ್ರೆ ಅರ್ಥಪೂರ್ಣವಾದೀತು.